ಬೆಲ್ವೆಡೇರಿನ ಬದಿಬಾಗಿಲು

ಕೋಲ್ಟರ್‌ವಿಲ್
12 ಮಾರ್ಚ್ 2006

ಮಗಾ ನಿಕಿತಾ,

“ಅಪ್ಪ ಪಕ್ಕದಲ್ಲೇ ಕೂತಿದ್ದಾರಲ್ಲ ಅಮ್ಮ, ಇನ್ನು ಎಂತ ಮಾತಾಡುದು” ಎಂದು ನೀನು ಫೋನ್ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಫೋನಿರುವುದು ಅವರ ಕುರ್ಚಿಯ ಬದಿಯಲ್ಲಿ, ಅವರು ಆ ಕುರ್ಚಿ ಬಿಟ್ಟೇಳುವುದು ಥಿಯೇಟರಿನ ಕೆಲಸಕ್ಕೆ ಹೋಗಲಿಕ್ಕೆ ಮಾತ್ರ. ಭಾನುವಾರಗಳಲ್ಲಿ ಅಡಿಗೆಮನೆಯ ಮೇಜಿನ ಮುಂದೆ ಕೂರಿಸಿ ನಿನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಇವತ್ತು ಉಪಕಾರಕ್ಕೆ ಬಂತು. ಅಳುತ್ತಾ ಕಲಿತೆ, ಆದರೂ ಕಲಿತೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಶುಕ್ರವಾರ ದೇವಿಯ ಪಟಕ್ಕೆ ಹೂ ಏರಿಸಿ ನಿನ್ನ ಮದುವೆಯ ಬಗ್ಗೆ ಕೇಳಿಕೊಂಡೆ. ಬಲಗಡೆಯ ಹೂ ಬಿತ್ತು. ಇನ್ನು ನನಗೆ ಸಂಶಯವಿಲ್ಲ. ಕ್ಯಾಲ್ವಿನ್ ಎಂದರೆ ನಿಮ್ಮ ಹೈಸ್ಕೂಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುವಾಗಿನಿಂದ ನಾನು ನೋಡಿದ ಹುಡುಗ. ಮನೆಗೆ ಬಂದಾಗ ಚಪ್ಪಲಿ ಹೊರಗೆ ಬಿಡಬೇಕೆಂದು ಅವನಿಗೆ ಯಾರೂ ಹೇಳಿಕೊಡಲಿಲ್ಲ, ಅವನೇ ಬಿಟ್ಟ. ನಿನ್ನ ಅಪ್ಪ ಬೇಡ ಎಂದೂ ಹೇಳುವುದಿಲ್ಲ, ಆಗಲಿ ಎಂದೂ ಹೇಳುವುದಿಲ್ಲ. “ಕರಿಯರ ಹುಡುಗ” ಎಂದು ಒಮ್ಮೆ ಹೇಳಿದರು. ನಾನು ಅವರ ಮುಖ ನೋಡಿದೆ. ಮತ್ತೆ ಹೇಳಲಿಲ್ಲ.

ಈಗ ನನ್ನ ಯೋಚನೆ ಕೇಳು. ಕ್ಯಾಲ್ವಿನ್‌ನ ಅಜ್ಜಿ ಮಿಸ್ ಹ್ಯಾಟಿ ರೈಲ್ವೆ ಹಳಿಯ ಆಚೆ ಬದಿಗೆ ಇದ್ದಾರೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದು ನಾವು ಒಬ್ಬರನ್ನೊಬ್ಬರು ಮಾತಾಡಿಸಿದವರಲ್ಲ. ಬೆಲ್ವೆಡೇರ್ ಥಿಯೇಟರ್ ರಿಪೇರಿ ಮುಗಿದು ಅಕ್ಟೋಬರಿನಲ್ಲಿ ಮತ್ತೆ ತೆರೆಯುತ್ತದೆ. ಅದಕ್ಕೆ ಮೊದಲು, ಏಪ್ರಿಲಿನ ಮೊದಲ ಶನಿವಾರ, ಅಲ್ಲಿ ಸೇವೆ ಮಾಡುವವರು ತಮ್ಮ ಕಡೆಯವರನ್ನು ಕರೆದು ತೋರಿಸಬಹುದಂತೆ. ನಾನು ಮಿಸ್ ಹ್ಯಾಟಿಯನ್ನು ಕರೆಯುತ್ತೇನೆ. ಬೀಗರಾಗುವವರು, ಮೊದಲ ಭೇಟಿ ಒಳ್ಳೆಯ ಜಾಗದಲ್ಲಿ ಆಗಲಿ.

ಥಿಯೇಟರ್ ಈಗ ನೀನು ಕಂಡ ಹಾಗಿಲ್ಲ. ನೀನು ಶಾಲೆಗೆ ಹೋಗುವಾಗ ಅದು ಕಾರ್ಪೆಟಿನ ಗೋದಾಮು, ಮೇಲೆ ಪಾರಿವಾಳ. ಕಟ್ಟಿಸಿದ್ದು ಬಟ್ಟೆ ಮಿಲ್ಲಿನ ಮೊದಲ ಯಜಮಾನ, 1924ರಲ್ಲಿ. ಆಗ ಅಲ್ಲಿ ವಾಡವಿಲ್ ಆಟ. ನಮ್ಮ ಊರಿನ ಬಯಲಾಟದ ಹಾಗೆ ಬೆಳಗಿನವರೆಗೆ ಒಂದೇ ಪ್ರಸಂಗ ಅಲ್ಲ. ಒಬ್ಬಳು ಹಾಡಿ ಹೋದಳೆಂದರೆ ಒಬ್ಬ ನಾಯಿ ಕುಣಿಸುತ್ತಾನೆ, ಅವನು ಹೋದನೆಂದರೆ ಕೈಯ ಮೇಲೆ ನಡೆಯುವವನು ಬರುತ್ತಾನೆ. ಆಮೇಲೆ ಮೂಕಿ ಸಿನಿಮಾ ಬಂತು, ಪರದೆಯ ಮುಂದೆ ಒಬ್ಬಾಕೆ ಕೂತು ಆರ್ಗನ್ ಬಾರಿಸುತ್ತಿದ್ದಳಂತೆ. ಆಮೇಲೆ ಟಾಕಿ. ಮಾಲಿನಲ್ಲಿ ಸಿನಿಮಾ ಶುರುವಾದ ಮೇಲೆ ಇದಕ್ಕೆ ಬೀಗ. ಇದೆಲ್ಲ ನನಗೀಗ ಬಾಯಿಪಾಠ. ಕುರ್ಚಿಗಳಿಗೆ ಕೆಂಪು ಮಖಮಲ್ಲು ಹೊಲಿಯಲು ಹೋದ ನನ್ನನ್ನು ಥಿಯೇಟರ್ ಟ್ರಸ್ಟಿನ ಅಧ್ಯಕ್ಷೆ ಮಿಸೆಸ್ ಥ್ಯಾಕ್ಸ್ಟನ್ ಬಂದವರಿಗೆ ಕಟ್ಟಡ ತೋರಿಸುವ ಕೆಲಸಕ್ಕೂ ಹಾಕಿದ್ದಾರೆ. ನನ್ನ ಇಂಗ್ಲಿಷಿಗೆ ಜನ ನಗುತ್ತಾರೆ. ನಗಲಿ, ನಿಂತು ಕೇಳುತ್ತಾರಲ್ಲ.

ಛಾವಣಿ ಮಾತ್ರ ನೀನು ನೋಡಬೇಕು. ಸಂಜೆಯ ಆಕಾಶದ ಬಣ್ಣ, ಅದರ ತುಂಬ ಸಣ್ಣ ಬಲ್ಬಿನ ನಕ್ಷತ್ರ. ಅಷ್ಟೂ ನಕ್ಷತ್ರಕ್ಕೆ ಹೊಸ ವಯರು ಎಳೆದದ್ದು ನಿನ್ನ ಅಪ್ಪ. ಮಿಲ್ಲು ಮುಚ್ಚಿ ಕೆಲಸ ಹೋದ ಮೇಲೆ ಆ ಮನುಷ್ಯ ನಕ್ಕದ್ದನ್ನು ನಾನು ಕಂಡದ್ದು ಆ ಏಣಿಯ ಮೇಲೆ ಮಾತ್ರ.

ಮಿಸ್ ಹ್ಯಾಟಿಗೆ ಸಕ್ಕರೆ ಕಾಯಿಲೆ ಉಂಟಾ, ಬರೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ
ಸರೋಜಿನಿ

---

ಡುಲುತ್
19 ಮಾರ್ಚ್ 2006

ಅಮ್ಮಾ,

ನಿನ್ನ ಲೆಟರ್ ಫಾರ್ಮಸಿ ಕೌಂಟರಿನ ಹಿಂದೆ ನಿಂತು ಓದಿದೆ. ಕಣ್ಣು ಒರೆಸಿಕೊಳ್ಳುವುದು ನೋಡಿ ಒಬ್ಬ ಕಸ್ಟಮರ್ ನನಗೇ ಅಲರ್ಜಿ ಮಾತ್ರೆ ತಗೋ ಅಂದ. ಇದರಲ್ಲಿ ಸ್ಪೆಲಿಂಗ್ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ.

ನೀನು ಕರೆಯುವುದು ನನಗೆ ತುಂಬಾ ಖುಷಿ. ಸ್ವಲ್ಪ ಭಯವೂ ಇದೆ. ಕ್ಯಾಲ್ವಿನ್‌ನನ್ನು ಸಾಕಿದ್ದು ಅಜ್ಜಿ, ಅದು ನಿನಗೆ ಗೊತ್ತು. ಅವರು ಚರ್ಚಿನ ಮೊದಲ ಸಾಲಿನಲ್ಲಿ ಕೂತರೆ ಮಾತ್ರ ಮದುವೆ ಎಂದು ಅವನು ಹೇಳಿದ್ದಾನೆ. ನನಗೂ ಅದೇ ಸರಿ. ಅಜ್ಜಿ ಇನ್ನೂ ಹೌದು ಅಂದಿಲ್ಲ. ಅವರು ಅವನನ್ನು ಕೇಳಿದ್ದು ಒಂದೇ: “ಆ ಹುಡುಗಿ ಸರಿ. ಆ ಹುಡುಗಿಯ ಮನೆಯವರು ನಮ್ಮನ್ನ ಎಂಥಾ ಜನ ಅಂದ್ಕೊಂಡಿದ್ದಾರೆ?”

ಆ ಥಿಯೇಟರಿಗೆ ಅವರು ಚಿಕ್ಕವರಿದ್ದಾಗ ಹೋಗುತ್ತಿದ್ದರಂತೆ. ಹೆಚ್ಚು ಹೇಳುವುದಿಲ್ಲ. ನೀನು ಸುಮ್ಮನೆ ತೋರಿಸು, ಕಾಫಿ ಕುಡಿಸು, ಮನೆಗೆ ಡ್ರಾಪ್ ಮಾಡು. ಆರತಿ ಬೇಡ. ಪ್ಲೀಸ್. ಸಕ್ಕರೆ ಕಾಯಿಲೆ ಇಲ್ಲ.

ನಿನ್ನ
ನಿಕಿ

---

ಡುಲುತ್
4 ಏಪ್ರಿಲ್ 2006

ಅಮ್ಮಾ,

ಏನು ಮಾಡಿದೆ ನೀನು?

ಫೋನ್ ಎತ್ತುತ್ತಿಲ್ಲ ಅಂತ ನಿನ್ನೆಯಿಂದ ಮೆಸೇಜ್ ಬಿಡುತ್ತಿದ್ದೀಯ. ಎತ್ತುವುದಿಲ್ಲ. ಎತ್ತಿದರೆ ನಾನು ಹೇಳಬಾರದ್ದು ಹೇಳುತ್ತೇನೆ. ಕನ್ನಡದಲ್ಲಿ ಬರೆಯುವಾಗ ಒಂದೊಂದು ಶಬ್ದಕ್ಕೂ ಯೋಚಿಸಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಅಜ್ಜಿಯನ್ನು ಎಲ್ಲರ ಹಾಗೆ ಮುಂಬಾಗಿಲಿನಿಂದ ಕರೆದುಕೊಂಡು ಹೋಗಲಿಲ್ಲ. ಬಿಲ್ಡಿಂಗ್ ಸುತ್ತಿಸಿ ಗಲ್ಲಿಯಲ್ಲಿರುವ ಬದಿಬಾಗಿಲಿಗೆ ಕರೆದುಕೊಂಡು ಹೋದೆ. ಆ ಬಾಗಿಲು ಏನು ಗೊತ್ತಾ ನಿನಗೆ? ಅವರು ಹುಡುಗಿಯಾಗಿದ್ದಾಗ ಕಪ್ಪು ಜನರಿಗೆ ಮುಂಬಾಗಿಲು ಇರಲಿಲ್ಲ. ಅವರಿಗೆ ಬೇರೆ ಟಿಕೆಟ್ ಕಿಂಡಿ, ಆ ಬಾಗಿಲು, ಆ ಕತ್ತಲೆ ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಒಂದು ಮರದ ಬೆಂಚಿನ ಬಾಲ್ಕನಿ. ಬಿಳಿಯರ ಕಣ್ಣಿಗೆ ಬೀಳಬಾರದು ಅಂತ. ಇದು ಕಾನೂನು ಆಗಿತ್ತು ಅಮ್ಮ. ಅರವತ್ತು ವರ್ಷದ ಮೇಲೆ ಅವರನ್ನು ಅದೇ ಬಾಗಿಲ ಮುಂದೆ ನಿಲ್ಲಿಸಿ ನೀನು ಹೇಳಿದ್ದು ಏನು? “ಮುಂದಿನ ಬಾಗಿಲು ಬೇರೆಯವರಿಗೆ. ನಿಮಗೆ ಇದು.”

ಅವರು ತಿರುಗಿ ನಡೆದುಕೊಂಡು ಮನೆಗೆ ಹೋದರು. ಹಳಿ ದಾಟಿ, ಒಬ್ಬರೇ. ಕ್ಯಾಲ್ವಿನ್‌ಗೆ ಫೋನ್ ಮಾಡಿ, “ನನಗೆ ಉತ್ತರ ಸಿಕ್ಕಿತು” ಅಂದರಂತೆ.

ನೀನೊಬ್ಬಳೇ ಮಾಡಿದ್ದಾ, ಅಪ್ಪನೂ ಸೇರಿ ಮಾಡಿದ್ದಾ?

ನಿಕಿತಾ

---

ಕೋಲ್ಟರ್‌ವಿಲ್
11 ಏಪ್ರಿಲ್ 2006

ನಿಕಿತಾ,

ನಿನ್ನ ಕಾಗದ ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ದಿನಾ ಕಣ್ಣಿಗೆ ಬೀಳಲಿ ಎಂದು.

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಊರಿನ ನಮ್ಮ ಮನೆಯಲ್ಲಿ ಮುಂದಿನ ಚಾವಡಿ ಯಾರಿಗೆ ಎಂದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಒಂಬತ್ತು ವರ್ಷಕ್ಕೇ ಇಲ್ಲಿಗೆ ಬಂದವಳು. ಚಾವಡಿ ಕಂದಾಯಕ್ಕೆ ಬರುವ ಉಗ್ರಾಣಿಗೆ, ಬ್ಯಾಂಕಿನವರಿಗೆ, ಪೋಸ್ಟಿನವನಿಗೆ. ಕೊಟ್ಟ ಹೆಣ್ಣುಮಕ್ಕಳು, ಚಿಕ್ಕಮ್ಮ, ಬೀಗಿತ್ತಿ ಯಾರೇ ಬಂದರೂ ಅಂಗಳ ಸುತ್ತಿ ಬಾವಿಕಟ್ಟೆಯ ಬದಿಯಿಂದ ಅಡಿಗೆಮನೆಗೇ ಬರುವುದು. ನನ್ನ ಅತ್ತಿಗೆ ಒಮ್ಮೆ ಸಿಟ್ಟಿನಲ್ಲಿ ಚಾವಡಿಯಲ್ಲೇ ಕೂತುಬಿಟ್ಟಳು. “ನಾವೇನು ಪರರಾದೆವಾ?” ಎಂದು ನನ್ನ ಅಮ್ಮ ಅತ್ತದ್ದು ನನಗಿನ್ನೂ ನೆನಪುಂಟು.

ಥಿಯೇಟರಿನ ಮುಂಬಾಗಿಲಿನಲ್ಲಿ ಆ ದಿನ ಊರಿನ ದೊಡ್ಡವರು ಕೈ ಕುಲುಕುತ್ತಾ ನಿಂತಿದ್ದರು. ಆ ಸಾಲಿನಲ್ಲಿ ಮಿಸ್ ಹ್ಯಾಟಿಯನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮವರಲ್ಲವಾ? ಬದಿಯ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಶುಕ್ರವಾರವೇ ಹೋಗಿ ಜೇಡರ ಬಲೆ ಹೊಡೆದು, ಹೊಸ್ತಿಲು ತೊಳೆದು, ರಂಗೋಲಿ ಹಾಕಿದೆ. ಒಳಗೆ ಒಂದು ಸ್ಟೂಲಿನ ಮೇಲೆ ಬೆಲ್ಲ, ನೀರು ಇಟ್ಟೆ. ನೀನು ಆರತಿ ಬೇಡ ಎಂದದ್ದಕ್ಕೆ ಆರತಿ ಮಾಡಲಿಲ್ಲ. ಬೆಲ್ಲ ನೀರು ಬೇಡ ಎಂದು ನೀನು ಬರೆದಿರಲಿಲ್ಲ.

ಆ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾವತ್ತೂ ಕೇಳಲಿಲ್ಲ. ನನಗೆ ಕಲಿಸಿದ ಪಾಠದಲ್ಲಿ ನಾಯಿ ಕುಣಿಸುವವನಿದ್ದಾನೆ, ಆರ್ಗನ್ ಉಂಟು, ಇಟಲಿಯಿಂದ ಬಂದ ಗೊಂಚಲು ದೀಪ ಉಂಟು. ಆ ಮೆಟ್ಟಿಲು ಇಲ್ಲ.

ಮಿಸ್ ಹ್ಯಾಟಿ ರಂಗೋಲಿ ನೋಡಿದರು. ಬಾಗಿಲು ನೋಡಿದರು. ನನ್ನನ್ನು ನೋಡಿದರು. “ಇಲ್ಲಿಗೆ ಕರಕೊಂಡು ಬಾ ಅಂತ ನಿನಗೆ ಯಾರು ಹೇಳಿದರು?” ಎಂದರು. ನಾನು ದೊಡ್ಡ ಸಾಧನೆಯ ಹಾಗೆ ಎದೆ ಮುಟ್ಟಿಕೊಂಡು, “ನಾನೇ” ಎಂದೆ. ಆಮೇಲೆ ನೀನು ಬರೆದ ಆ ಮಾತು ಹೇಳಿದೆ. ಅವರು ರಂಗೋಲಿ ತುಳಿಯದ ಹಾಗೆ ಹಿಂದೆ ಸರಿದು ಹೋದರು. ಅಂಥ ಹೊತ್ತಿನಲ್ಲೂ ತುಳಿಯಲಿಲ್ಲ, ಮಗಾ.

ಕೀಲಿ ನಿನ್ನ ಅಪ್ಪನ ಗೊಂಚಲಿನಲ್ಲಿತ್ತು. “ಬದಿಬಾಗಿಲಿನ ಕೀಲಿ ಕೊಡಿ, ಮಿಸ್ ಹ್ಯಾಟಿಯನ್ನು ಅಲ್ಲಿಂದ ಕರಕೊಂಡು ಬರ್ತೇನೆ” ಎಂದು ಕೇಳಿದೆ. ತೆಗೆದುಕೊಟ್ಟರು.

ನಾನು ಬೇಕೆಂದು ಮಾಡಿದ್ದಲ್ಲ ಎಂದು ನೀನು ನಂಬಿದರೆ ಸಾಕು. ನಂಬದಿದ್ದರೂ ಬರೆಯುತ್ತಿರುತ್ತೇನೆ.

ಅಮ್ಮ

---

ಕೋಲ್ಟರ್‌ವಿಲ್
30 ಏಪ್ರಿಲ್ 2006

ನಿಕಿತಾ,

ನಿನ್ನ ಉತ್ತರ ಇಲ್ಲ. ಇರಲಿ.

ನಿನ್ನೆ ಮಿಸ್ ಹ್ಯಾಟಿಯ ಮನೆಗೆ ಹೋದೆ. ಈ ಸಲ ಮುಂಬಾಗಿಲಿಗೇ. ಬೆಲ್ ಒತ್ತಿದೆ. ಅವರು ಒಳಬಾಗಿಲು ತೆಗೆದರು, ಜಾಲರಿಯ ಬಾಗಿಲು ತೆಗೆಯಲಿಲ್ಲ. ಜಾಲರಿಯ ಆಚೆ ಅವರು, ಈಚೆ ನಾನು. ಜಗಲಿಯಲ್ಲಿ ಕುರ್ಚಿಯಿತ್ತು, “ಕೂರು” ಎಂದರು. ನಾನು ನಿಂತೇ ಇದ್ದೆ.

ನಿನಗೆ ಬರೆದದ್ದನ್ನೇ ಅವರಿಗೂ ಹೇಳಿದೆ, ನಮ್ಮ ಮನೆಯ ಹಿಂಬಾಗಿಲಿನ ವಿಷಯ. ಪೂರ್ತಿ ಕೇಳಿದರು. ಆಮೇಲೆ ಕೇಳಿದರು, “ನಿನ್ನ ಊರಿನಲ್ಲಿ ಹಿಂದಿನಿಂದ ಬಂದವರೆಲ್ಲ ಅಡಿಗೆಮನೆಯೊಳಗೆ ಬರುತ್ತಿದ್ದರಾ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅಂಗಳದ ಕೊನೆಯಲ್ಲಿ ಕೂತು ತೆಂಗಿನ ಗೆರಟೆಯಲ್ಲಿ ಗಂಜಿ ಕುಡಿದು ಹೋಗುವವರಿದ್ದರು. ಅವರಿಗೆ ಒಳಗೆ ಬರಲಿಕ್ಕಿರಲಿಲ್ಲ. ಹೇಳಿದೆ.

“ಹಾಗಾದರೆ ಬಾಗಿಲಿನ ವಿಷಯ ನಿನಗೆ ಗೊತ್ತಿತ್ತು.”

ಆಗ ಒಬ್ಬಾಕೆ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದುಕೊಂಡು ಬಂದಳು. ನನ್ನನ್ನು ಒಮ್ಮೆ ನೋಡಿ, ಮನೆಯ ಬದಿಯಿಂದ ಸುತ್ತಿ ಹಿಂದೆ ಹೋದಳು. ಬಾಗಿಲು ತಟ್ಟಿದ ಸದ್ದಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದು, ನಗು. “ಹ್ಯಾಟೀ, ಮುಂದೆ ಯಾರದು? ಇನ್ಷೂರೆನ್ಸಿನವಳಾ?” ಎಂದು ಕೂಗಿದಳು.

ಆಮೇಲೆ ಮಿಸ್ ಹ್ಯಾಟಿ ತಾವಾಗಿಯೇ ಹೇಳಿದರು. ಚಿಕ್ಕವರಿರುವಾಗ ಪ್ರತಿ ಶನಿವಾರ ಆ ಥಿಯೇಟರಿಗೆ ಹೋಗುತ್ತಿದ್ದರಂತೆ. ಮೇಲೆ ಬೇಸಿಗೆಯಲ್ಲಿ ಒಲೆಯೊಳಗೆ ಕೂತ ಹಾಗೆ. ಆದರೆ ನಕ್ಷತ್ರ ಹತ್ತಿರ. “ಕೆಳಗೆ ಕೂತವರಿಗೆ ಅದು ಆಕಾಶ. ಅದು ಬರೇ ಬಲ್ಬು ಅಂತ ಗೊತ್ತಿದ್ದದ್ದು ನಮಗೆ ಮಾತ್ರ” ಎಂದು ಸ್ವಲ್ಪ ನಕ್ಕರು. ಒಂದು ಶನಿವಾರ ಅವರ ತಮ್ಮನಿಗೆ ಒಂದಕ್ಕೆ ಅವಸರವಾಯಿತು. ಮೇಲೆ ಪಾಯಿಖಾನೆ ಇಲ್ಲ. ಕೆಳಗೆ ಇದ್ದದ್ದು ಬಿಳಿಯರಿಗೆ. ಟಿಕೆಟ್ ಹರಿಯುವವನ ಹತ್ತಿರ ಬೇಡಿದರು. ಅವನು ಹುಡುಗನನ್ನು ನೋಡುತ್ತಾ ನಿಂತ, ಅಷ್ಟೆ. ಆರು ವರ್ಷದ ಮಗು, ಚರ್ಚಿಗೆ ಹಾಕುವ ಒಳ್ಳೆಯ ಪ್ಯಾಂಟು, ಆ ಮೆಟ್ಟಿಲಿನ ಮೇಲೆ ಒದ್ದೆ ಮಾಡಿಕೊಂಡಿತು. ಆಮೇಲೆ ಅವರಿಬ್ಬರೂ ಹೋಗಲಿಲ್ಲ. ಆ ತಮ್ಮ ಈಗ ಇಲ್ಲ.

“ಇದನ್ನ ನಿಮ್ಮ ಟೂರಿನಲ್ಲಿ ಹೇಳ್ತೀರಾ?” ಎಂದರು.

“ಇಲ್ಲ” ಎಂದೆ.

“ಮತ್ತೆ ಇಲ್ಲಿ ಏನು ಹುಡುಕಿಕೊಂಡು ಬಂದೆ?” ಎಂದು ಒಳಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಲಿಲ್ಲ. ಮೆಲ್ಲ ಹಾಕಿದರು. ಜೋರಾಗಿ ಹಾಕಿದ್ದರೆ ಒಳ್ಳೆಯದಿತ್ತು.

ಅಮ್ಮ

---

ಡುಲುತ್
14 ಮೇ 2006

ಅಮ್ಮಾ,

ನೀನು ಹೋಗಿದ್ದು ಅಜ್ಜಿ ಕ್ಯಾಲ್ವಿನ್‌ಗೆ ಹೇಳಿದರು. “ಆ ಹೆಂಗಸು ಬಿಸಿಲಲ್ಲಿ ನಿಂತೇ ಇದ್ದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ” ಅಂದರಂತೆ. ಅದು ಒಳ್ಳೆಯದಾ ಕೆಟ್ಟದ್ದಾ ಅವನಿಗೂ ಗೊತ್ತಾಗಲಿಲ್ಲ. ಮದುವೆ ವಿಷಯ ಎತ್ತಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ನಿನ್ನನ್ನು ನಂಬುತ್ತೇನೆ. ನೀನು ಹೀಗೇ, ನನಗೆ ಗೊತ್ತು. ಆದರೆ ಒಂದು ಪ್ರಶ್ನೆ ಇದೆ, ಅದಕ್ಕೆ ಸುತ್ತಿ ಬಳಸಿ ಬರೆಯಬೇಡ. ಅಪ್ಪ ಆ ಬಿಲ್ಡಿಂಗಿನಲ್ಲಿ ಮೂರು ವರ್ಷದಿಂದ ಇದ್ದಾರೆ. ಪ್ರತಿ ಗೋಡೆ, ಪ್ರತಿ ವಯರ್ ಗೊತ್ತು. ಕೀಲಿ ಕೊಡುವಾಗ ಅವರಿಗೆ ಆ ಬಾಗಿಲು ಏನು ಅಂತ ಗೊತ್ತಿತ್ತಾ?

ನಿಕಿ

---

ಕೋಲ್ಟರ್‌ವಿಲ್
20 ಆಗಸ್ಟ್ 2006

ನಿಕಿ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ನಿನ್ನ ಪ್ರಶ್ನೆಯನ್ನು ನಿನ್ನ ಅಪ್ಪನಿಗೇ ಕೇಳು. ನಾನು ಅವರ ಹೆಂಡತಿ, ಅವರ ಬಾಯಿ ಅಲ್ಲ.

ಇಲ್ಲಿಯ ವಿಷಯ ಇಷ್ಟು. ಮಿಸೆಸ್ ಥ್ಯಾಕ್ಸ್ಟನ್ ಹತ್ತಿರ ಹೋಗಿ, ಆ ಮೆಟ್ಟಿಲಿನ ಕಥೆಯನ್ನೂ ಬಂದವರಿಗೆ ಹೇಳಬೇಕು ಎಂದೆ. ಅವರು ಕೆಟ್ಟವರಲ್ಲ. ಈ ಕಟ್ಟಡ ಉಳಿದದ್ದು ಅವರಿಂದ. ಪಾರಿವಾಳದ ಹಿಕ್ಕೆಯನ್ನು ತಮ್ಮ ಕೈಯಿಂದ ಬಾಚಿದವರು. ನನ್ನ ಕೈ ಹಿಡಿದುಕೊಂಡು, “ಡಿಯರ್, ಜನ ಬರುವುದು ಒಂದು ಸಂಜೆ ಸಂತೋಷವಾಗಿ ಇರಲಿಕ್ಕೆ. ಗಾಯ ಕೆರೆಯುವುದು ಯಾಕೆ?” ಎಂದರು. ಆ ಮೆಟ್ಟಿಲು ಹೇಗೂ ಇರುವುದಿಲ್ಲವಂತೆ. ಉದ್ಘಾಟನೆಗೆ ಮೊದಲು ಬದಿಬಾಗಿಲಿಗೆ ಇಟ್ಟಿಗೆ ಕಟ್ಟಿ, ಗೋಡೆಗೆ ಬಣ್ಣ ಬಳಿದು, ಅದರ ಮೇಲೆ ದಾನಿಗಳ ಹೆಸರು ಹಾಕುವುದು ಎಂದು ಜನವರಿಯಲ್ಲೇ ತೀರ್ಮಾನವಾಗಿದೆ. ಕಟ್ಟಿಸುವ ಕೆಲಸ ನಿನ್ನ ಅಪ್ಪನದ್ದು.

ಮನೆಗೆ ಬಂದ ಮೇಲೆ ಅವರು ಹಾರಾಡಿದರು. “ನಿನಗೆ ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಆಗುದಿಲ್ವಾ? ಈ ಊರಲ್ಲಿ ನನಗೆ ಇನ್ನೊಂದು ಕೆಲಸ ಯಾರು ಕೊಡ್ತಾರೆ? ಮಗ್ಗದ ಎಂಜಿನಿಯರು ಅಂತ ಬೋರ್ಡು ಹಾಕ್ಕೊಂಡು ಕೂರುದಾ?”

ಅದೂ ಸುಳ್ಳಲ್ಲ. ಮಿಲ್ಲಿನಿಂದ ಹೊರಬಿದ್ದವರಲ್ಲಿ ಅರ್ಧ ಜನ ಊರು ಬಿಟ್ಟರು, ಉಳಿದವರು ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ತಳ್ಳುಗಾಡಿ ಎಳೆದು ಕೊಡುತ್ತಾರೆ. ನನ್ನ ಎದೆನೋವಿನ ಮದ್ದಿಗೆ ಇನ್ಷೂರೆನ್ಸು ಬರುವುದು ಈ ಕೆಲಸದಿಂದ. ನಾನು ಮಾತಾಡಿದರೆ ಏಟು ಬೀಳುವುದು ಅವರಿಗೆ. ಮಾತಾಡದಿದ್ದರೆ ಮಿಸ್ ಹ್ಯಾಟಿ ಮುಚ್ಚಿದ ಬಾಗಿಲು ತೆರೆಯುವುದಿಲ್ಲ, ನಿನ್ನ ಮದುವೆ ಇಲ್ಲ.

“ಒಂದು ಮಾತು ಕೇಳ್ತೇನೆ, ಕೀಲಿ ಕೊಡುವಾಗ...” ಎಂದು ಶುರು ಮಾಡಿದೆ. ಎದ್ದು ಹೋಗಿ ಅಂಗಳದ ಹುಲ್ಲು ಕತ್ತರಿಸಲು ಶುರು ಮಾಡಿದರು. ಹಿಂದಿನ ದಿನವಷ್ಟೇ ಕತ್ತರಿಸಿದ್ದ ಹುಲ್ಲು.

ದೇವಿಯ ಮುಂದೆ ಈ ಸಲ ಹೂ ಇಟ್ಟು ಕೇಳಲಿಲ್ಲ. ಕೆಲವನ್ನು ದೇವರ ಮೇಲೆ ಹಾಕಬಾರದು.

ಅಮ್ಮ

---

ಕೋಲ್ಟರ್‌ವಿಲ್
1 ಅಕ್ಟೋಬರ್ 2006

ನಿಕಿತಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ.

ನೀನು ಕಳಿಸಿದ ಒಂದು ಸಾಲಿನ ಕಾರ್ಡು ಥಿಯೇಟರಿನ ವಿಳಾಸಕ್ಕೆ ಬಂತು. ಉತ್ತರ: ಹೌದು. ಗೊತ್ತಿತ್ತು.

ಛಾವಣಿಯ ವಯರು ಎಳೆಯುವಾಗ ನಾನು ಮೇಲಿನ ಬಾಲ್ಕನಿಯಲ್ಲಿ ಎಷ್ಟೋ ವಾರ ಕೂತು ಊಟ ಮಾಡಿದ್ದೇನೆ. ಯಾರಿಗಾಗಿ ಕಟ್ಟಿದ್ದು ಎಂದು ಮೇಸ್ತ್ರಿಗಳು ಹೇಳಿದ್ದರು. ನಿನ್ನ ಅಮ್ಮ ಬಂದು ಕೀಲಿ ಕೇಳಿದಾಗ, ಅವಳಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಾಯಿತು. ಆ ಮುದುಕಿ ಬಾಗಿಲು ನೋಡಿ ಹಿಂದೆ ಹೋಗುತ್ತಾಳೆ, ನಾನು ಬಾಯಿಬಿಟ್ಟು ಬೇಡ ಎನ್ನದೆಯೇ ಮದುವೆಯ ವಿಷಯ ಮುಗಿಯುತ್ತದೆ ಎಂದು ಗ್ರಹಿಸಿದೆ. ಕೊಟ್ಟೆ.

ಅವರು ಹಳಿಯ ಕಡೆ ನಡೆದು ಹೋಗುವುದನ್ನು ಪ್ರೊಜೆಕ್ಟರ್ ಕೋಣೆಯ ಕಿಟಕಿಯಿಂದ ನೋಡಿದೆ. ಬಿಳಿ ಕೈಗವಸು ಹಾಕಿಕೊಂಡು ಬಂದಿದ್ದರು. ಹೋಗುವಾಗ ಅದನ್ನು ತೆಗೆದು ಚೀಲಕ್ಕೆ ಹಾಕಿದರು.

ಕ್ಯಾಲ್ವಿನ್‌ಗೆ, ಅವರಿಗೆ, ಹೇಳುವುದಾದರೆ ಹೇಳು. ನಾನು ಬೇಡ ಎನ್ನುವುದಿಲ್ಲ.

ಉದ್ಘಾಟನೆ ಹದಿನಾಲ್ಕಕ್ಕೆ. ಇಟ್ಟಿಗೆ ಬಂದು ಬಿದ್ದಿದೆ.

ಭುಜಂಗ

---

ಕೋಲ್ಟರ್‌ವಿಲ್
17 ಅಕ್ಟೋಬರ್ 2006

ಮಗಾ ನಿಕಿ,

ಹೇಗೆ ಶುರು ಮಾಡುವುದೆಂದು ತಿಳಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಊರೆಲ್ಲ ಅಲ್ಲೇ. ಸಂಜೆಯ ಆಟಕ್ಕೆ ಮೊದಲು ಜನರನ್ನು ಗುಂಪು ಗುಂಪಾಗಿ ಒಳಗೆ ಸುತ್ತಿಸುವುದು. ನನ್ನ ಗುಂಪಿನಲ್ಲಿ ಬ್ಯಾಂಕಿನ ಮ್ಯಾನೇಜರು, ಅವರ ಮಕ್ಕಳು, ಷಾರ್ಲೆಟ್‌ನಿಂದ ಬಂದ ಕೆಲವರು, ಮತ್ತೆ ದೊಡ್ಡ ಟೋಪಿಯ ಇಬ್ಬರು ಹೆಂಗಸರು. ಅವರಲ್ಲಿ ಒಬ್ಬಾಕೆಯನ್ನು ಕಂಡದ್ದೇ ನನಗೆ ಗುರುತು ಸಿಕ್ಕಿತು. ಮಿಸ್ ಹ್ಯಾಟಿಯ ಮನೆಗೆ ಪಾತ್ರೆ ಹಿಡಿದು ಬಂದವಳು. ಅವಳು ನನ್ನ ಗುರುತು ಹಿಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ನಾಯಿ ಕುಣಿಸುವವನ ಕಥೆ ಹೇಳಿದೆ, ನಕ್ಕರು. ಆರ್ಗನ್ ತೋರಿಸಿದೆ. ಗೊಂಚಲು ದೀಪ ತೋರಿಸಿದೆ. ಅಲ್ಲಿಂದ ಎಡಕ್ಕೆ ತಿರುಗಿ ಕಾಫಿಯ ಮೇಜಿಗೆ ಕರೆದುಕೊಂಡು ಹೋಗಬೇಕು, ಕಲಿಸಿದ ಪಾಠ ಅಲ್ಲಿಗೆ ಮುಗಿಯುತ್ತದೆ. ನನ್ನ ಕಾಲು ಎಡಕ್ಕೆ ಹೋಗಲಿಲ್ಲ.

“ಇನ್ನೊಂದು ಬಾಗಿಲು ಉಂಟು” ಎಂದೆ. “ಅದಕ್ಕೆ ಇಟ್ಟಿಗೆ ಹಾಕಿದ್ದಾರೆ. ಇಟ್ಟಿಗೆಯನ್ನಾದರೂ ನೋಡಿ ಹೋಗಿ.”

ದಾರಿಯಲ್ಲೇ ಹೇಳಿದೆ. ಬೇರೆ ಕಿಂಡಿ, ಬೇರೆ ಮೆಟ್ಟಿಲು, ಆರು ವರ್ಷದ ಒಂದು ಮಗು, ಅದನ್ನು ನೋಡುತ್ತಾ ನಿಂತವನು. ಮಗುವಿನ ಹೆಸರು ಹೇಳಲಿಲ್ಲ. ನನ್ನ ಇಂಗ್ಲಿಷಿಗೆ ಆ ಹೊತ್ತು ಯಾರೂ ನಗಲಿಲ್ಲ. ಬ್ಯಾಂಕಿನ ಮ್ಯಾನೇಜರು ಹೆಂಡತಿಯ ಮುಖ ನೋಡಿದರು. ಮೂಲೆ ತಿರುಗಿದೆವು.

ಬಾಗಿಲು ತೆರೆದಿತ್ತು.

ಇಟ್ಟಿಗೆ ಹೊರಗೆ ಗಲ್ಲಿಯಲ್ಲಿ, ತಾಡಪಾಲು ಹೊದೆದುಕೊಂಡು ಬಿದ್ದದ್ದು ಹಾಗೆಯೇ ಬಿದ್ದಿತ್ತು. ಮೆಟ್ಟಿಲಿಗೆ ಬಲ್ಬು ಹಾಕಿತ್ತು, ಕೆಳಗಿನಿಂದ ಮೇಲಿನವರೆಗೆ ಗುಡಿಸಿತ್ತು. ನಿನ್ನ ಅಪ್ಪ ಕೀಲಿಗೊಂಚಲು ಹಿಡಿದುಕೊಂಡು ಬದಿಗೆ ನಿಂತಿದ್ದರು. ನನ್ನನ್ನು ನೋಡಲಿಲ್ಲ. ಮೇಲೆ ಯಾವುದೋ ವಯರು ಸಡಿಲವಾದ ಹಾಗೆ ಸೂರು ನೋಡುತ್ತಿದ್ದರು.

ಮಿಸೆಸ್ ಥ್ಯಾಕ್ಸ್ಟನ್ ಓಡಿ ಬಂದರು. “ಸರೋಜಿನಿ, ಇದು ಟೂರಿನಲ್ಲಿ ಇಲ್ಲ.”

“ಕಟ್ಟಡದಲ್ಲಿ ಉಂಟಲ್ಲ” ಎಂದೆ.

ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದವಳು ಆ ಟೋಪಿಯ ಹೆಂಗಸು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮ್ಯಾನೇಜರರ ಮಕ್ಕಳು, ಆಮೇಲೆ ಉಳಿದವರು. ಮೇಲೆ ಆ ಹೆಂಗಸು ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮರ ಸವರಿದಳು. ಮ್ಯಾನೇಜರರ ಸಣ್ಣ ಹುಡುಗಿ ಕೈ ಚಾಚಿ, “ಡ್ಯಾಡೀ, ಇದು ಬರೇ ಬಲ್ಬು!” ಎಂದು ಕೂಗಿದಳು. ಕೂತವಳು ನಗಲು ಶುರು ಮಾಡಿದಳು, ಎಷ್ಟು ನಕ್ಕಳೆಂದರೆ ಆಮೇಲೆ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡಳು.

ಮನೆಗೆ ಬರುವಾಗ ಕಾರಿನಲ್ಲಿ ನಾನು ಕೇಳಿದೆ, “ಇಟ್ಟಿಗೆ ಯಾಕೆ ಕಟ್ಟಿಸಲಿಲ್ಲ?”

ಬಹಳ ದೂರ ಬಂದ ಮೇಲೆ, “ಊಟಕ್ಕೆ ಎಂತ ಉಂಟು?” ಎಂದರು.

ನಿನ್ನೆ ನನ್ನ ಬ್ಯಾಡ್ಜು ವಾಪಸ್ ತೆಗೆದುಕೊಂಡರು. ಅವರ ಕೆಲಸದ ಬಗ್ಗೆ ಹೊಸ ವರ್ಷಕ್ಕೆ ತಿಳಿಸುತ್ತಾರಂತೆ. ಮಿಸ್ ಹ್ಯಾಟಿಗೆ ಇದೆಲ್ಲ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ನಾನು ಹೋಗಿ ಹೇಳಿಕೊಳ್ಳುವುದಿಲ್ಲ. ಹಾಗೆ ಹೋದರೆ ಮಾಡಿದ್ದು ಕೂಲಿಗೆ ಮಾಡಿದ ಹಾಗಾಗುತ್ತದೆ.

ದೀಪ ಹಚ್ಚುವ ಹೊತ್ತಾಯಿತು.

ಅಮ್ಮ

---

ಡುಲುತ್
5 ನವೆಂಬರ್ 2006

ಅಮ್ಮಾ,

ಇದನ್ನು ಅಪ್ಪನಿಗೂ ಓದಿ ಹೇಳು. ಅವರು ಹುಲ್ಲು ಕತ್ತರಿಸಲು ಹೋದರೆ ಹಿಂದೆಯೇ ಹೋಗಿ ಓದು.

ನಿನ್ನೆ ನಾನೂ ಕ್ಯಾಲ್ವಿನ್ನೂ ಅಜ್ಜಿಯ ಮನೆಯಲ್ಲಿದ್ದೆವು. ನಿಮ್ಮಲ್ಲಿಗೆ ಬರಲಿಲ್ಲ, ಸಾರಿ. ಅಜ್ಜಿ ಏನು ಹೇಳುತ್ತಾರೋ ಮೊದಲು ಕೇಳಬೇಕಿತ್ತು. ಅವರಿಗೆ ಎಲ್ಲ ಗೊತ್ತಿದೆ. ಆ ಟೋಪಿ ಆಂಟಿ ಚರ್ಚಿನಲ್ಲಿ ನಿನ್ನ ಹಾಗೆಯೇ ಕೈ ಆಡಿಸಿ, ನಿನ್ನ ಇಂಗ್ಲಿಷಿನಲ್ಲೇ, “ಕಟ್ಟಡದಲ್ಲಿ ಉಂಟಲ್ಲ” ಅಂತ ಆಕ್ಟ್ ಮಾಡಿ ತೋರಿಸಿದ್ದಾರೆ. ಪಾದ್ರಿಯೂ ನಕ್ಕರಂತೆ.

ಅಪ್ಪನ ಲೆಟರನ್ನು ನಾನು ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಹೌದು ಅಮ್ಮ, ಅಪ್ಪ ನನಗೆ ಬರೆದಿದ್ದರು. ಕೇಳು ಅಂತ ನೀನೇ ಹೇಳಿದೆ, ಕೇಳಿದೆ. ಕೈಗವಸಿನ ಸಾಲು ಬಂದಾಗ ಅಜ್ಜಿ ನಿಲ್ಲಿಸು ಅಂದರು. ಅಡಿಗೆಮನೆಗೆ ಹೋದರು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಕ್ಯಾಲ್ವಿನ್ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ದ ಅಂದರೆ ಉಂಗುರ ಒತ್ತಿ ಗುರುತಾಯಿತು.

ಆಮೇಲೆ ವಾಪಸ್ ಬಂದು ಕೂತು ಹೇಳಿದರು. ನಾನು ಅವರ ಮಾತನ್ನೇ ಬರೆಯುತ್ತೇನೆ.

“ಜೂನ್ ತಿಂಗಳು ಒಳ್ಳೇದು. ಅದಕ್ಕಿಂತ ಮೊದಲು ನಿನ್ನ ಅಮ್ಮನಿಗೆ ಒಂದು ಭಾನುವಾರ ಊಟಕ್ಕೆ ಬರೋಕೆ ಹೇಳು. ಇನ್ಷೂರೆನ್ಸಿನವಳ ಹಾಗೆ ಬಂದು ನನ್ನ ಜಗಲಿ ಮೇಲೆ ನಿಲ್ಲೋದು ಬೇಡ. ಮುಂದಿನ ಬಾಗಿಲು ಪಾದ್ರಿಗೆ, ಪೊಲೀಸಿಗೆ. ನನ್ನ ಜನ ಬರೋದು ಅಡಿಗೆಮನೆಯಿಂದ. ಅದಕ್ಕೆ ಬೀಗ ಇಲ್ಲ.”

ನಾನು ಅತ್ತುಬಿಟ್ಟೆ. ಕ್ಯಾಲ್ವಿನ್ ಮೆಲ್ಲ ಕೇಳಿದ, “ಮತ್ತೆ ಅವಳ ಡ್ಯಾಡಿ?”

ಅಜ್ಜಿ ಅಪ್ಪನ ಲೆಟರನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ಅವನೂ ಬರಲಿ” ಅಂದರು. “ಅವನು ಮುಂದಿನಿಂದ ಬರಲಿ. ಬೆಲ್ ಒತ್ತಲಿ.”

ತೆರೆಯುತ್ತೀರಾ ಅಂತ ಕೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಬೆಲ್ಲ ತಗೊಂಡು ಹೋಗು, ಅಮ್ಮ. ಅಪ್ಪನಿಗೆ ಒಳ್ಳೆಯ ಶರ್ಟ್ ಹಾಕಿಸು.

ನಿನ್ನ
ನಿಕಿ